ಮೇಷ್ಟ್ರ ವ್ಯಾನಿಗೆ ಕಿವಿ ಚುಚ್ಚಿದ್ದು

ಕಾರಿಗೆ ಹೊಸ ರೇಡಿಯೋ ಕೂರಿಸಲೆಂದು ನಿನ್ನೆ ಸೋಲ್ಡರಿಂಗ್ ಐರನ್ ಕಾಯಿಸಿದೆ. ಪೇಸ್ಟು ಸುಟ್ಟ ಹೊಗೆ ಮೂಗಿಗೆ ಬಡಿದದ್ದೇ ತಡ, ಮಂಡ್ಯದಲ್ಲಿ ನಮ್ಮ ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರು ಬೆನ್ನ ಹಿಂದೆ ಬಂದು ನಿಂತಂತಾಯಿತು. ಅವರು ಹೋಗಿ ಇನ್ನೂ ತಿಥಿಯೂ ಆಗಿಲ್ಲ...

ಮೇಷ್ಟ್ರು ಹ್ಯಾಮ್ ರೇಡಿಯೋದವರು. ಪರೀಕ್ಷೆ ಬರೆದು, ಸರ್ಕಾರದಿಂದ ಲೈಸೆನ್ಸು ಪಡೆದು ಗಾಳಿಯಲ್ಲಿ ಮಾತಾಡುವ ಪೈಕಿ. ದಿನಾ ಬೆಳಿಗ್ಗೆ ಕಾಫಿಯಾದ ಮೇಲೆ ಮಳವಳ್ಳಿಯ ಗೆಳೆಯರೊಬ್ಬರನ್ನು ಕರೆದು, ಅಲ್ಲಿ ಮೋಡ ಹೇಗಿದೆ, ಇಲ್ಲಿ ಇಡ್ಲಿ ಹೇಗಿತ್ತು ಎಂಬ ರಾಷ್ಟ್ರೀಯ ಮಹತ್ವದ ವಿಷಯಗಳನ್ನು ಚರ್ಚಿಸುತ್ತಿದ್ದರು. ಬಸ್ಸು ಹತ್ತಿದರೆ ಮುಗಿಯುವ ದಾರಿ. ಆದರೂ ಇಬ್ಬರೂ ಮುಖ ನೋಡಿಕೊಂಡವರಲ್ಲ. ಫೋನೂ ಇಲ್ಲ. "ಫೋನು ಬೀಗರಿಗೆ ಕಣಯ್ಯ" ಎನ್ನುತ್ತಿದ್ದರು ಮೇಷ್ಟ್ರು.

ಹತ್ತಾರು ವರ್ಷದ ಹಿಂದೊಮ್ಮೆ ಮನೆ ಮಾಲೀಕರು, ಸಿಡಿಲು ಬಡಿಯುತ್ತದೆಂದು ಮಹಡಿಯ ಆಂಟೆನಾ ಕಂಬವನ್ನು ಇಳಿಸಿಬಿಟ್ಟರು. ಮೇಷ್ಟ್ರ ಬಾಯಿ ಕಟ್ಟಿತು. ಉಳಿದದ್ದು ವ್ಯಾನು. ಅದರಲ್ಲಿದ್ದ ಸಣ್ಣ ಸೆಟ್ಟು ಕಿತ್ತು, ಹೆಚ್ಚು ಶಕ್ತಿಯ ಹೊಸದನ್ನು ಕೂರಿಸುವುದು. ಬ್ಯಾಟರಿಯಿಂದಲೇ ನೇರವಾಗಿ ದಪ್ಪ ವೈರು. ಚಾವಣಿಯ ನಟ್ಟನಡುವೆ ತೂತು ಕೊರೆದು ಆಂಟೆನಾ. ತೂತು ಎಂದ ಕೂಡಲೇ ಅಮ್ಮೋರು, ಅಂದರೆ ಮೇಷ್ಟ್ರ ಹೆಂಡತಿ, ಹೊರಗೆ ಬಂದರು.

"ಚೆನ್ನಾಗಿರೋ ಗಾಡಿಗೆ ಯಾಕೆ ತೂತು? ಮಳೆ ಬಂದ್ರೆ ನನ್ ತಲೆ ಮ್ಯಾಲೇ ಸುರೀತದೆ."

"ಮಗಳಿಗೆ ಕಿವಿ ಚುಚ್ಚಿಸ್ಲಿಲ್ವೇನೇ? ಇದೂ ಅಂಗೇಯ. ಚುಚ್ಚುದ್ರೇನೆ ಕೇಳ್ಸೋದು."

"ಅಂಗಾದ್ರೆ ರಾಹುಕಾಲ ಕಳೀಲಿ" ಎಂದು ಅಮ್ಮೋರು ಕೊಬ್ಬರಿ ಸಕ್ಕರೆ ತರಲು ಒಳಗೆ ಹೋದರು.

ಶುಭ ಮುಹೂರ್ತದಲ್ಲಿ ನಾನು ಅಕ್ಕಸಾಲಿಗನ ಗಾಂಭೀರ್ಯದಿಂದ ಡ್ರಿಲ್ಲು ಹಿಡಿದೆ. ಮೇಷ್ಟ್ರು ತೂತಿನ ಒಳಸುತ್ತ ಬಣ್ಣ ಕೆರೆದರು. ಆಂಟೆನಾದ ಬುಡ ಬರಿ ತಗಡಿಗೆ ಕಚ್ಚಿಕೊಂಡರೆ ಮಾತ್ರ ಧ್ವನಿ ದೂರ ಹೋಗುವುದು. ಕೊಬ್ಬರಿ ತಿಂದು, ಕೈ ತೊಳೆದು ಬಂದು, ಕಣ್ಣಿಗೆ ಕಾಣದ ಆ ಒಳಸಂದಿಯಲ್ಲಿ ಬೆರಳಂದಾಜಿನಲ್ಲೇ ನಟ್ಟು ಬಿಗಿದೆವು.

ಮಾರನೇ ಬೆಳಿಗ್ಗೆ ಮೂವರೂ ಹೊರಟು ಮದ್ದೂರು ದಾಟಿದೆವು. ಎತ್ತರದ ಜಾಗದಲ್ಲಿ ವ್ಯಾನು ನಿಲ್ಲಿಸಿ ಮೇಷ್ಟ್ರು ಕರೆದರು. ಉತ್ತರವಿಲ್ಲ. ಆದರೆ ಮಳವಳ್ಳಿಯವರ ಧ್ವನಿ ಮಾತ್ರ ಸ್ವಚ್ಛವಾಗಿ ಬರುತ್ತಿತ್ತು. ಇನ್ಯಾರಿಗೋ ಹೇಳುತ್ತಿದ್ದರು: "ಮಂಡ್ಯದ ಮೇಷ್ಟ್ರು ವಾರದಿಂದ ಸದ್ದೇ ಇಲ್ಲ ಕಣ್ರೀ. ಓಗ್ಬುಟ್ರೋ ಏನೋ... ಒಳ್ಳೆ ಮನ್ಸ."

ಮೇಷ್ಟ್ರು ಮೈಕು ಒತ್ತಿ ಕಿರುಚಿದರು. "ಇದೀನಿ ಕಣಯ್ಯ! ಬದುಕಿದೀನಿ!"

"ಮಾತು ವಸಿ ಜಾಸ್ತಿ, ಅಷ್ಟೇಯ" ಎಂದು ಅತ್ತ ಶ್ರದ್ಧಾಂಜಲಿ ಮುಂದುವರಿಯಿತು.

ಮೀಟರು ನೋಡಿದರೆ, ಹೊರಟ ಶಕ್ತಿಯೆಲ್ಲ ಆಂಟೆನಾದ ಬುಡದಿಂದಲೇ ವಾಪಸ್ಸು. ನಟ್ಟು ಬಿಚ್ಚಿದೆ. ಕೆರೆದ ತಗಡಿನ ಮೇಲೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಧಾರಾಳವಾಗಿ ಮೆತ್ತಿತ್ತು.

"ಚುಚ್ಚಿದ ಕಿವಿಗೆ ಅರಿಸ್ನ ಅಚ್ಚದೆ ಬುಡ್ತಾರಾ? ಕೀವಾಗಕಿಲ್ವಾ?" ಎಂದರು ಹಿಂದಿನ ಸೀಟಿನಿಂದ ಅಮ್ಮೋರು.

ಮೇಷ್ಟ್ರು ಬಯ್ಯಲಿಲ್ಲ. "ಸೆರಗು ಕೊಡು ಇತ್ಲಾಗೆ" ಎಂದು ಅದರಲ್ಲೇ ಒರೆಸಿ, ಬಿಗಿದು, ಮತ್ತೆ ಕರೆದರು. ಅತ್ತಲಿಂದ ಅಳುಕಿನ ದನಿ: "ಮೇಷ್ಟ್ರೇ... ಎಲ್ಲಿಂದ ಮಾತಾಡ್ತಿದೀರಿ?"

"ಸ್ವರ್ಗದಿಂದಲ್ಲ ಕಣಯ್ಯ, ಮದ್ದೂರಿಂದ!"

ಅತ್ತಲಿಂದ ತೇಲಿಬಂದ ಆ ನಗು ಕೇಳಿದ ಮೇಲೆ ನಾನೂ ಪರೀಕ್ಷೆ ಬರೆದು ಲೈಸೆನ್ಸು ತೆಗೆದುಕೊಂಡೆ...

ಮೇಷ್ಟ್ರು ಕಳೆದ ವಾರ ತೀರಿಕೊಂಡರು. ಅಂದಿನಿಂದ ದಿನಾ ಬೆಳಿಗ್ಗೆ ಮಳವಳ್ಳಿಯವರು ಅವರನ್ನು ಕರೆಯುವುದು ನನಗೆ ಕೇಳುತ್ತಿತ್ತು. ನನ್ನ ಹಳೇ ಸೆಟ್ಟಿನ ದನಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ನಂಬರು ಹುಡುಕಿ ಫೋನ್ ಮಾಡಲೇ ಎಂದು ಅಮ್ಮೋರನ್ನು ಕೇಳಿದೆ. "ಬ್ಯಾಡ ಕಣಪ್ಪ. ಅವ್ರಿಬ್ರೂ ಮಾತಾಡ್ತಿದ್ದ ದಾರೀಲೇ ಯೋಳು" ಎಂದರು. ಅದಕ್ಕೇ ಈ ಹೊಸ ಸೆಟ್ಟು.

ಇವತ್ತು ಬೆಳಿಗ್ಗೆ ಮದ್ದೂರು ದಾಟಿ ಕಾರು ನಿಲ್ಲಿಸಿ ಕರೆದೆ. "ಯಾರು, ಮೇಷ್ಟ್ರಾ?" ಎಂದರು ಮಳವಳ್ಳಿಯವರು. ಅಲ್ಲ ಎಂದೆ. ಯಾರೆಂದು ಹೇಳಿದೆ. ವಿಷಯ ಹೇಳಿದೆ.

ಸೆಟ್ಟು ಒಳ್ಳೆಯದೇ. ಎರಡನೇ ಸಲ ಹೇಳಬೇಕಾಗಿ ಬರಲಿಲ್ಲ.