ಹೊರಟಲ್ಲಿಗೇ ಬಂದ ವಿಮಾನ

ಮೊನ್ನೆ ನಮ್ಮ ಮನೆಯ ಹಿಂದಿನ ಹೊಳೆಬದಿಯಲ್ಲಿ ಯಾರೋ ದೋಣಿಯ ಹಳೆಯ ಇಂಜಿನನ್ನು ರಿಪೇರಿ ಮಾಡಿ ಚಾಲೂ ಮಾಡಿದರು. ಅದು ನಾಲ್ಕು ಸಲ ಕೆಮ್ಮಿ, ನೀಲಿ ಹೊಗೆ ಬಿಟ್ಟು, ಕೊನೆಗೆ ಗುಡುಗತೊಡಗಿತು. ಸುಟ್ಟ ಆಯಿಲ್‌ನ ವಾಸನೆ ಅಡುಗೆಮನೆಯವರೆಗೂ ಬಂತು. ಹೆಂಡತಿ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದಳು. ನಾನು ಮಾತ್ರ ಅದನ್ನು ಅತ್ತರೋ ಎಂಬಂತೆ ಎಳೆದುಕೊಂಡು ನಿಂತೆ. ನಿಮಗೂ ಇಂಥದ್ದೊಂದು ವಾಸನೆ ಇರಬಹುದು. ನನ್ನದು ನನ್ನನ್ನು ಸೀದಾ ಸೌದಿಯ ಉನೈಜಾಕ್ಕೆ ಕೊಂಡುಹೋಗುತ್ತದೆ.

ಅಲ್ಲಿ ನಾನು ಖರ್ಜೂರದ ತೋಟಗಳಿಗೆ ನೀರಿನ ಪಂಪು ಮಾರುವ ಅಂಗಡಿಯೊಂದರಲ್ಲಿ ಮ್ಯಾನೇಜರ್ ಆಗಿದ್ದೆ. ಮ್ಯಾನೇಜರ್ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಬೀಗದ ಕೈ ನನ್ನ ಬಳಿ ಇತ್ತು, ಬೈಗುಳವೂ ಮೊದಲು ನನಗೇ ಸಿಗುತ್ತಿತ್ತು. ನಮ್ಮ ಕಫೀಲ್‌ನ, ಅಂದರೆ ನಮಗೆ ವೀಸಾ ಕೊಟ್ಟ ಅರಬಿ ಧಣಿಯ ಅಣ್ಣ ಸೇನೆಯಲ್ಲಿ ಪೈಲಟ್ ಆಗಿದ್ದು ನಿವೃತ್ತರಾದವರು. ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದ ಅವರು, ಹಿಂದೆ ಮಿಲಿಟರಿಯ ಸಾಮಾನು ಹೊರುತ್ತಿದ್ದ ಮುದಿ ಡಕೋಟಾ ವಿಮಾನವೊಂದನ್ನು ಊರಾಚೆಯ ಮರಳಿನಲ್ಲಿ ಸಾಕಿಕೊಂಡಿದ್ದರು. ಸಾಕಿಕೊಂಡಿದ್ದರು ಎಂಬುದೇ ಸರಿಯಾದ ಮಾತು. ಬೇರೆಯವರು ಒಂಟೆಗೆ ಮಾಡುವ ಉಪಚಾರವನ್ನು ಅವರು ಅದಕ್ಕೆ ಮಾಡುತ್ತಿದ್ದರು. ಒಂದು ಚಳಿಗಾಲದಲ್ಲಿ, ಅಂಗಡಿಯವರೆಲ್ಲ ಸಂಸಾರ ಸಮೇತ ಬನ್ನಿ, ಸರದಿಯಂತೆ ಒಂದೊಂದು ಸುತ್ತು ಹಾರಿಸುತ್ತೇನೆ ಎಂದರು.

ಆಗ ನನ್ನ ತಾಯಿ, ಉಮ್ಮ, ಊರಿಂದ ವಿಸಿಟ್ ವೀಸಾದಲ್ಲಿ ಬಂದು ನಮ್ಮ ಜೊತೆಗಿದ್ದರು. ಮಗಳು ಹಿಬಾಳಿಗೆ ಅಚ್ಚರಿಯಾಗಲಿ ಎಂದು ನಾನು ಮನೆಯಲ್ಲಿ ಏನೂ ವಿವರಿಸದೆ, ಶನಿವಾರ ಬೆಳಿಗ್ಗೆ ಎಲ್ಲರೂ ವಿಮಾನ ಹತ್ತಲಿಕ್ಕುಂಟು, ತಯಾರಾಗಿ ಎಂದಷ್ಟೇ ಹೇಳಿದೆ. ಶನಿವಾರ ಎದ್ದು ನೋಡಿದರೆ ಬಾಗಿಲ ಬಳಿ ದೊಡ್ಡದೊಂದು ರಟ್ಟಿನ ಪೆಟ್ಟಿಗೆ. ಸುತ್ತ ಟೇಪು, ಅಡ್ಡಕ್ಕೂ ಉದ್ದಕ್ಕೂ ನೈಲಾನ್ ಹಗ್ಗ, ಮೇಲೆ ಉಮ್ಮನ ದಪ್ಪಕ್ಷರದಲ್ಲಿ ನನ್ನ ಹೆಸರು ಮತ್ತು ಮಂಗಳೂರು.

ನಮ್ಮ ಕಡೆ ವಿಮಾನ ಎಂದರೆ ಪೆಟ್ಟಿಗೆ. ನನ್ನ ತಂದೆ, ಉಪ್ಪ, ಆಯುಷ್ಯವನ್ನೆಲ್ಲ ಸೌದಿಯ ದಮ್ಮಾಮಿನಲ್ಲಿ ಕಳೆದವರು. ಎರಡು ವರ್ಷಕ್ಕೊಮ್ಮೆ ಬಂದು ಮತ್ತೆ ಹೊರಡುವಾಗ ಅವರ ಪೆಟ್ಟಿಗೆ ಕಟ್ಟುತ್ತಿದ್ದವರು ಉಮ್ಮ. ಉಪ್ಪಿನಕಾಯಿ ಸೋರದಂತೆ, ಒಣಮೀನಿನ ವಾಸನೆ ಹೊರಗೆ ಬಾರದಂತೆ ಅವರು ಕಟ್ಟುವ ಹದ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಅಕ್ಕಪಕ್ಕದ ಗಲ್ಫಿನವರೂ ಹೊರಡುವ ಮುಂಚೆ ನಮ್ಮ ಮನೆಗೇ ಬರುತ್ತಿದ್ದರು. ಹೀಗೆ ಊರಿನ ಗಂಡಸರನ್ನೆಲ್ಲ ಕಳಿಸಿಕೊಟ್ಟ ಕೈ ಅದು.

ಇದೆಂಥ ಪೆಟ್ಟಿಗೆ ಎಂದು ಕೇಳಿದೆ. ಉಮ್ಮನ ಮುಖದಲ್ಲಿ ಹಬ್ಬದ ಕಳೆ ಇತ್ತು.

"ಎಲ್ಲ ಮುಗಿಸಿ ಊರಿಗೆ ಹೋಗುದಲ್ವಾ ಮೋನೇ? ನೀನಾಗಿ ಹೇಳುವ ತನಕ ಕೇಳುದು ಬೇಡ ಅಂತ ಸುಮ್ಮನಿದ್ದೆ. ನಿನ್ನ ಅಂಗಿ, ಹಿಬಾಳ ಪುಸ್ತಕ ಎಲ್ಲ ಹಾಕಿದ್ದೇನೆ."

ನಿಜ ಹೇಳುವ ಬದಲು ಹೇಡಿಯಂತೆ ಪೆಟ್ಟಿಗೆಯನ್ನು ಎತ್ತಿ ಕಾರಿಗೆ ಹಾಕಿದೆ. ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ, ಜೋಡಿಸಿದ್ದೆಲ್ಲ ಕಳಚಿ ಬೀಳುತ್ತಿತ್ತು. ಕೊನೆಗೆ ಬಯಲಲ್ಲಿ ಇಳಿದಾಗ ಉಮ್ಮನೇ ಆ ವಿಮಾನವನ್ನು ಮೇಲಿಂದ ಕೆಳಗೆ ನೋಡಿ, ಇದು ಎಲ್ಲಿಗೆ ಹೋಗ್ತದೆ ಎಂದು ಕೇಳಿದರು.

"ಎಲ್ಲಿಗೂ ಇಲ್ಲ ಉಮ್ಮ. ಒಂದು ಸುತ್ತು ಹೋಗಿ ಇಲ್ಲಿಗೇ ಬರ್ತದೆ."

ಅವರು ತಲೆಯ ಮೇಲಿನ ಶಾಲನ್ನು ಸರಿಮಾಡಿಕೊಂಡರು. ಆಮೇಲೆ, ಆಯ್ತು, ಹತ್ತುವ ಎಂದರು.

ಕ್ಯಾಪ್ಟನ್ ಪೆಟ್ಟಿಗೆಯನ್ನು ಕಂಡು ವಿಚಾರಿಸಿದರು. ನಾಚಿಕೆ ಬಿಟ್ಟು ಇದ್ದದ್ದನ್ನು ಹೇಳಿದೆ. ಆ ಮನುಷ್ಯ ನಗಲಿಲ್ಲ. ಎದೆಯ ಮೇಲೆ ಕೈಯಿಟ್ಟು ಉಮ್ಮನಿಗೆ ಸಲಾಂ ಹೇಳಿ, ಈ ವಿಮಾನ ಸಾಮಾನು ಹೊರಲಿಕ್ಕೇ ಹುಟ್ಟಿದ್ದು, ಖಾಲಿ ಹಾರಿದರೆ ಅದಕ್ಕೆ ಬೇಸರ ಎಂದು ತಾವೇ ಪೆಟ್ಟಿಗೆಯನ್ನು ಒಳಗೆ ಹೊತ್ತು, ಬೆಲ್ಟು ಬಿಗಿದು ಕೂರಿಸಿದರು. ಅವರ ಮೇಲೆ ನನಗೆ ಅಂದು ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಒಳಗೆ ಎರಡೂ ಬದಿಗೆ ಉದ್ದನೆಯ ಬೆಂಚುಗಳು, ಎದುರುಬದುರು ಕೂರಬೇಕು. ಇಂಜಿನು ಕೆಮ್ಮಿ ಹೊಗೆ ಉಗುಳಿದಾಗ, ಮನೆಯವರಿಗೆಲ್ಲ ಧೈರ್ಯ ಹೇಳಬೇಕಾಗಿದ್ದ ನಾನು ಕಣ್ಣು ಮುಚ್ಚಿಕೊಂಡು ಬಿಸ್ಮಿಲ್ಲಾ ಎಂದೆ. ತೆರೆದಾಗ ಕೆಳಗೆ ಮರಳಿನ ನಡುವೆ ನೀರುದೋಸೆ ಹುಯ್ದ ಹಾಗೆ ದುಂಡುದುಂಡಗೆ ಹಸುರು ಹೊಲಗಳು. ಹೆಂಡತಿಯೂ ಹಿಬಾಳೂ ಕತ್ತು ತಿರುಗಿಸಿ ಕಿಟಕಿಗೆ ಅಂಟಿಕೊಂಡಿದ್ದರು. ಉಮ್ಮ ಮಾತ್ರ ಹೊರಗೆ ನೋಡಲೇ ಇಲ್ಲ. ಎದುರಿನ ಬೆಂಚಿನಲ್ಲಿ ನೆಟ್ಟಗೆ ಕೂತು, ಇಳಿಯುವವರೆಗೂ ನಮ್ಮನ್ನೇ ನೋಡುತ್ತಿದ್ದರು. ಹೆದರಿ ಒಳಗೊಳಗೇ ದೇವರನ್ನು ಬೇಡುತ್ತಾ ದುಆ ಮಾಡುತ್ತಿದ್ದಾರೆ ಅಂದುಕೊಂಡೆ.

ಇಳಿದ ಮೇಲೆ ಅವರು ವಿಮಾನದ ಹೊಟ್ಟೆಯನ್ನೊಮ್ಮೆ ತಟ್ಟಿದರು.

"ಹೊರಟಲ್ಲಿಗೇ ತಂದು ಬಿಟ್ಟಿತಲ್ಲ. ನಿನ್ನ ಉಪ್ಪನ ಕಾಲದಲ್ಲಿ ಇಂಥದ್ದೊಂದು ಇರ್ಬೇಕಿತ್ತು."

ಹೇಳಿ ನಕ್ಕುಬಿಟ್ಟರು. ನನಗೆ ನಗಲಾಗಲಿಲ್ಲ. ಮನೆಗೆ ಬಂದು ತಾವೇ ಹಗ್ಗ ಬಿಚ್ಚಿ, ಸುತ್ತಿಟ್ಟು, ನನ್ನ ಅಂಗಿಗಳನ್ನು ಮತ್ತೆ ಕಪಾಟಿಗೆ ಸೇರಿಸಿದರು. ಪೆಟ್ಟಿಗೆಯಲ್ಲಿ ಅವರದ್ದು ಅಂತ ಒಂದು ಸೀರೆಯೂ ಇರಲಿಲ್ಲ. ವಿಮಾನದಲ್ಲಿ ಒಯ್ಯಬಹುದಾದ ಕಿಲೋ ಲೆಕ್ಕವನ್ನೆಲ್ಲ ನಮಗೇ ಬಿಟ್ಟುಕೊಟ್ಟಿದ್ದರು. ಊರಿನ ಮಾತನ್ನು ಆಮೇಲೆ ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ನಾನು ವಾದ ಮಾಡುತ್ತಿದ್ದೆ, ಬಹುಶಃ ಅಲ್ಲೇ ಉಳಿಯುತ್ತಿದ್ದೆ. ಮರುವರ್ಷ ಕಫೀಲ್‌ಗೆ ಸಲಾಂ ಹೇಳಿ, ಎಲ್ಲರನ್ನೂ ಕರೆದುಕೊಂಡು ಊರಿಗೆ ಬಂದುಬಿಟ್ಟೆ.

ಇಷ್ಟು ವರ್ಷ ಆ ಹಾರಾಟ ಉಮ್ಮನ ಪಾಲಿಗೆ ದೊಡ್ಡ ನಿರಾಶೆ ಎಂದೇ ನಾನು ನಂಬಿದ್ದೆ. ಮೊನ್ನೆ ಹೊಗೆಯ ವಾಸನೆಯಲ್ಲಿ ಧೈರ್ಯ ಬಂತೋ ಏನೋ, ಜಗಲಿಯಲ್ಲಿ ಕೂತಿದ್ದ ಉಮ್ಮನ ಬಳಿ ಹೋಗಿ, ಆ ದಿನ ವಿಮಾನದಲ್ಲಿ ಅಷ್ಟು ಹೊತ್ತು ಎಂತ ದುಆ ಮಾಡುತ್ತಿದ್ದಿರಿ ಎಂದು ಕೇಳಿಯೇಬಿಟ್ಟೆ. ಉಮ್ಮ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು.

"ಬೇಡ್ಲಿಕ್ಕೆ ಎಂತ ಇತ್ತು ಮೋನೇ? ನೀವೆಲ್ಲ ನನ್ನ ಎದುರೇ ಕೂತಿದ್ರಿ."