ಬೀದಿಯ ತುದಿಯಲ್ಲೇ ನಿಲ್ಲುತ್ತಿದ್ದ ಅಂಕಲ್

ಹೋದ ವಾರ ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿದಾಗ ಪಕ್ಕದಲ್ಲಿ ನಿಂತಿದ್ದವರೊಬ್ಬರು ಬಾಯಲ್ಲಿ ಲವಂಗ ಇಟ್ಟುಕೊಂಡಿದ್ದರು. ಬೋಗಿಯಲ್ಲಿ ಬೆವರು, ಸೆಂಟು, ಯಾರದೋ ಬ್ಯಾಗಿನ ಪುಳಿಯೋಗರೆ ಎಲ್ಲದರ ವಾಸನೆಯೂ ಇತ್ತು. ಅವನ್ನೆಲ್ಲ ದಾಟಿ ಲವಂಗ ಬಂದು ನನ್ನ ಮೂಗಿಗೆ ತಗುಲಿತು. ತಿರುಗಿ ನೋಡಿದೆ. ಬೇರೆ ಯಾರೋ. ಬೇರೆ ಯಾರೋ ಆಗಿರಲೇಬೇಕು ಎಂದು ಗೊತ್ತಿದ್ದೂ...

ನಮ್ಮ ಎದುರುಮನೆ ಅಂಕಲ್ ಸುಳಿದಾಡಿದಲ್ಲೆಲ್ಲ ಆ ವಾಸನೆ ಇರುತ್ತಿತ್ತು. ವಿಮೆ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಆ ಆಫೀಸಿನವರು ಸೇರಿ ಸ್ವಂತ ಮನೆ ಕಟ್ಟಿಕೊಂಡಿದ್ದ ಇಂದಿರಾನಗರದ ನಮ್ಮ ಕಾಲೊನಿಯಲ್ಲಿ ಅರ್ಧ ಜನ ಅವರ ಹಳೆಯ ಸಹೋದ್ಯೋಗಿಗಳೇ. ದವಡೆಯಲ್ಲಿ ಸದಾ ಒಂದು ಲವಂಗ. ಮಾತು ಅದನ್ನು ಒಂದು ಸುತ್ತು ಹಾಕಿಕೊಂಡೇ ಹೊರಗೆ ಬರುತ್ತಿತ್ತು. ಹಾಲಿನವನ ಹತ್ತಿರವೂ "ನಿಧಾನಾ... ಎಲ್ಲಾ ಓದಿ ನೋಡಿ ಆಮೇಲೆ ಸೈನು" ಎನ್ನುವ ಧಾಟಿಯೇ.

ನಾನೋ, ಕಂಡವರ ದನಿ ಕದಿಯುವ ಕಳ್ಳ. ಕಾಲೊನಿಯ ಸೆಕ್ರೆಟರಿ, ಶಿವಾಜಿನಗರ ಬಸ್ಸಿನ ಕಂಡಕ್ಟರು, ಹಲಸೂರಿನಿಂದ ಬರುವ ತಮಿಳು ಹೂವಮ್ಮ, ನಮ್ಮಪ್ಪನ ಸೀನು, ಯಾರನ್ನೂ ಬಿಟ್ಟವನಲ್ಲ. ಸಂದರ್ಶನಕ್ಕೆ ಹೋಗಿ ಬೆಬ್ಬೆಬ್ಬೆ ಎನ್ನುವ ನನ್ನನ್ನೂ ಬಿಟ್ಟಿಲ್ಲ. ಆದರೆ ನನ್ನ ಹಿಟ್ ಐಟಂ ಎಂದರೆ 'ಕಮರ್ಷಿಯಲ್ ಸ್ಟ್ರೀಟಿನ ಜಿಪುಣ'. ದೀಪಾವಳಿ ಬಂತೆಂದರೆ ಎದುರುಮನೆ ಆಂಟಿ ಸೀರೆ ತರಲು ಅಲ್ಲಿಗೆ ಹೋಗುತ್ತಿದ್ದರು. ಅಂಕಲ್ ಜೊತೆಗೇ ಹೋಗಿ, ಬೀದಿಯ ತುದಿಯಲ್ಲಿ ಆಟೊ ನಿಲ್ಲುವ ಕಡೆ ನಿಂತುಬಿಡುತ್ತಿದ್ದರು. ಒಳಕ್ಕೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. "ನಮ್ಮೆಜಮಾನ್ರ ಕಾಲಿಗೆ ಅಲ್ಲೇ ಬ್ರೇಕ್ ಬೀಳುತ್ತೆ ಕಣ್ರೀ, ಮುಂದೆ ಹೋದ್ರೆ ಪರ್ಸಿಗೆ ಕೈ ಹಾಕ್ಬೇಕಲ್ಲ!" ಎಂದು ಆಂಟಿ ಕಾಲೊನಿಗೆಲ್ಲ ಸಾರುತ್ತಿದ್ದರು. ಕಾಲೊನಿಯ ಹಬ್ಬಗಳ ವೇದಿಕೆಯಲ್ಲಿ ನಾನು ಇಬ್ಬರನ್ನೂ ಒಟ್ಟಿಗೇ ಮಾಡುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂತ ಅಂಕಲ್ ಎಲ್ಲರಿಗಿಂತ ಜೋರಾಗಿ ನಕ್ಕು, ಆಮೇಲೆ ಕರೆದು ತಿದ್ದುತ್ತಿದ್ದರು: "ಲೋ, ನನ್ನ ಹೊಟ್ಟೆ ಇನ್ನೂ ಸ್ವಲ್ಪ ಮುಂದೆ ಬರಬೇಕು ಕಣೋ. ಅನ್ಯಾಯ ಮಾಡ್ಬೇಡ."

ಆಂಟಿ ತೀರಿಕೊಂಡ ಮೇಲೆ ನಾನು ಆ ಐಟಂ ಬಿಟ್ಟೆ.

ಅದಾದ ಮೇಲಿನ ಒಂದು ರಾಜ್ಯೋತ್ಸವದ ಸಂಜೆ. ಕಾಲೊನಿಯ ಮೈದಾನದಲ್ಲಿ ಶಾಮಿಯಾನ, ವೇದಿಕೆಯ ಮೇಲೆ ನಾನು. ಕಂಡಕ್ಟರ್ ದನಿಯಲ್ಲಿ ಕೂಗುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಉಸಿರೇ ಸಿಗಲಿಲ್ಲ. ಎದೆ ಬಿಗಿಯಿತು, ಬೆರಳು ಜೋಮು ಹಿಡಿದವು, ಇಲ್ಲೇ ಈಗಲೇ ಸಾಯುತ್ತೇನೆ ಎನ್ನಿಸಿತು. ಮೈಕಿನ ಕಂಬ ಹಿಡಿದು ಬಗ್ಗಿದೆ. ಜನ ಚಪ್ಪಾಳೆ ತಟ್ಟಿದರು! "ಸೂಪರ್ ಗುರು, ಹಾರ್ಟ್ ಅಟ್ಯಾಕ್ ಐಟಂ!" ಎಂದು ಯಾರೋ ಶಿಳ್ಳೆ ಹಾಕಿದರು. ನಗಿಸುವವನ ಪಾಡೇ ಅಷ್ಟು. ಸತ್ತರೂ ಒನ್ಸ್ ಮೋರ್ ಅನ್ನುತ್ತಾರೆ.

ಹೇಗೋ ಕೈಮುಗಿದು ಇಳಿದು, ಶಾಮಿಯಾನದ ಹಿಂದೆ ಹೋಗಿ ಕುಸಿದು ಕೂತೆ. ಲವಂಗದ ವಾಸನೆ ಬಂತು. ಅಂಕಲ್ ಮಂಡಿ ನೋವನ್ನು ಬೈದುಕೊಳ್ಳುತ್ತ ನನ್ನ ಪಕ್ಕ ನೆಲದ ಮೇಲೇ ಕೂತರು. "ಅದು ಆ್ಯಕ್ಟಿಂಗ್ ಅಲ್ಲ ಅಲ್ವೇನೋ?" ಎಂದರು. ನಾನು ಅಲ್ಲ ಎಂದು ತಲೆಯಾಡಿಸಿದೆ. ನನ್ನ ಉಸಿರು ಹದಕ್ಕೆ ಬರುವ ತನಕ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದರು.

ಆಸ್ಪತ್ರೆಯಲ್ಲಿ ಎದೆಯ ಪರೀಕ್ಷೆಗಳೆಲ್ಲ ಆದವು. ಹೃದಯ ಗಟ್ಟಿಯಾಗಿದೆ ಎಂದು ಅಲ್ಲಿಂದ ಮನೋವೈದ್ಯರ ಹತ್ತಿರ ಕಳಿಸಿದರು. ಇದು ಆತಂಕದ ಕಾಯಿಲೆ ಎಂದು ಆಕೆ ಸಮಾಧಾನವಾಗಿ ತಿಳಿಸಿ, ಕೌನ್ಸೆಲಿಂಗ್ ಜೊತೆಗೆ ಒಂದು ಮಾತ್ರೆ ಬರೆದುಕೊಟ್ಟರು. "ಬಲವಂತ ಇಲ್ಲ, ಯೋಚನೆ ಮಾಡಿ ಶುರು ಮಾಡಿ" ಎಂದರು. ಮಾತ್ರೆ ತಂದೆ. ಕಾಲುಚೀಲಗಳ ನಡುವೆ ಬಚ್ಚಿಟ್ಟೆ. ನುಂಗಲಿಲ್ಲ.

ಅಮ್ಮನಿಗೆ ಅವಳದೇ ಭಯ. "ಯಾರ ಹತ್ರಾನೂ ಬಾಯಿ ಬಿಡ್ಬೇಡ. ನಾಳೆ ಹೆಣ್ಣು ಕೊಡೋರು ಏನಂತಾರೆ?"

"ಯಾರೂ ಕೊಡ್ತೀನಿ ಅಂತ ಸಾಲಲ್ಲಿ ನಿಂತಿಲ್ಲ ಬಿಡಮ್ಮ" ಎಂದೆ. ಅವಳು ನಗಲಿಲ್ಲ.

ದೊಡ್ಡನೆಕ್ಕುಂದಿಯ ನನ್ನ ಆಫೀಸಿನ ಗೆಳೆಯ "ಮಗಾ, ಮಾತ್ರೆಗೀತ್ರೆ ಬೇಡ, ಜಿಮ್ಮಿಗೆ ಬಾ" ಎಂದ. ಅವನ ದನಿಯನ್ನೂ ಮಾಡಿ ತೋರಿಸಿದೆ, ಅವನೇ ಬಿದ್ದೂ ಬಿದ್ದೂ ನಕ್ಕ. ಆದರೆ ನನ್ನ ಒಳಗಿನ ಭಯ ಇವರಾರಿಗೂ ಗೊತ್ತಿರಲಿಲ್ಲ. ಎದುರಿಗಿರುವವರು ಈಗ ಸಿಟ್ಟಾಗುತ್ತಾರಾ, ಬೇಸರವಾಗುತ್ತಾರಾ ಎಂದು ಚಿಕ್ಕಂದಿನಿಂದ ಹೆದರಿ ಹೆದರಿ ಮುಖ ನೋಡಿದ್ದರಿಂದಲೇ ನನಗೆ ಅವರ ದನಿ ಸಿಕ್ಕಿದ್ದು. ಮಾತ್ರೆ ಆ ಗಾಬರಿಯನ್ನು ತೆಗೆದರೆ ದನಿಗಳೂ ಅದರ ಜೊತೆಗೇ ಹೊರಟುಹೋದರೆ? ಆಮೇಲೆ ನಾನು ಯಾರು? ಸಂಬಳದ ಚೀಟಿ ತಯಾರಿಸುವ ಒಬ್ಬ ಗುಮಾಸ್ತ, ಅಷ್ಟೇ.

ಅವರೆಕಾಯಿ ಕಾಲ ಬಂದಿತ್ತು. ಒಂದು ಭಾನುವಾರ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಎದುರುಮನೆಗೆ ಹೋದೆ. ಅಂಕಲ್ ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತಕಬೇಳೆ ಹಿಸುಕುತ್ತಿದ್ದರು. ಹಿಸುಕಿದ ಕಾಳು ತಟ್ಟೆಗೆ ಬೀಳುವ ಬದಲು ಸೋಫಾ ಕೆಳಗೆ, ಟಿವಿ ಹಿಂದೆ, ಒಂದು ನನ್ನ ಹಣೆಗೆ. "ಕೂತ್ಕೊ, ಕೈ ಹಾಕು" ಎಂದರು. ನಾನು ಕಾಳು ಹಿಸುಕುತ್ತಲೇ ಎಲ್ಲ ಹೇಳಿದೆ. ಅಮ್ಮನ ದನಿ, ಡಾಕ್ಟರ ದನಿ, ಎಲ್ಲ ಸೇರಿಸಿಕೊಂಡೇ.

ಅಂಕಲ್ ನಗಲಿಲ್ಲ. ಕೈಯಲ್ಲಿದ್ದ ಕಾಳನ್ನು ಹಿಸುಕಿ ತಟ್ಟೆಗೆ ಹಾಕಿ, "ನಾನೂ ತಗೋತೀನಿ ಕಣೋ" ಎಂದರು.

ನನ್ನ ಕೈ ನಿಂತಿತು.

"ಆ ಬೀದಿ ಇದೆಯಲ್ಲ... ಅಷ್ಟು ಜನ ನೋಡಿದ್ರೆ ನಂಗೆ ಉಸಿರು ಕಟ್ತಿತ್ತು. ಕಾಲು ಏಳ್ತಾನೇ ಇರಲಿಲ್ಲ. ಅವಳು ಜಿಪುಣ ಅಂದ್ಲು, ಸರಿ ಜಿಪುಣ ಅಂತ್ಲೇ ಇದ್ಬಿಟ್ಟೆ. ಹೆದರುಪುಕ್ಲ ಅನ್ನಿಸ್ಕೊಳ್ಳೋಕಿಂತ ಜಿಪುಣ ಅನ್ನಿಸ್ಕೊಳ್ಳೋದು ಸುಲಭ ಅಲ್ವಾ?"

"ಆಂಟಿಗೆ ಗೊತ್ತಿರ್ಲಿಲ್ವಾ?"

"ರಿಟೈರ್ ಆದ್ಮೇಲೆ ಹೇಳ್ದೆ. ಅವಳೇ ಎಳ್ಕೊಂಡು ಹೋದ್ಲು ಡಾಕ್ಟ್ರ ಹತ್ರ. ಮೊದಮೊದಲು ಬರೀ ಓಕರಿಕೆ, ನಿದ್ದೆ. ಬೈಕೊಂಡೇ ತಗೊಂಡೆ. ಆಮೇಲೊಂದು ದೀಪಾವಳಿಗೆ ಅವಳ ಹಿಂದೇನೇ ಬೀದಿ ಒಳಗೆ ಹೋದೆ. ಪಾಪ, ಅವಳಿಗೆ ಅಭ್ಯಾಸಾನೇ ಇಲ್ಲ ನೋಡು... ಅಂಗಡಿ ಅಂಗಡಿಗೂ ತಿರುಗಿ ತಿರುಗಿ ನೋಡ್ತಾಳೆ, ಇದೀನಾ ಅಂತ. ಸೀರೆ ನೋಡೇ ಇಲ್ಲ ಅವತ್ತು. ನನ್ನೇ ನೋಡಿದ್ದು."

ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡರು. "ಹಂಗೆ ಒಂದೆರಡು ದೀಪಾವಳಿ ಸಿಕ್ತು. ಅಷ್ಟೇ. ಮೊದಲೇ ತಗೊಂಡಿದ್ರೆ..." ಜಿಪುಣನ ವೇಷ ಕಟ್ಟಿ ನಾನು ಚಪ್ಪಾಳೆ ಗಿಟ್ಟಿಸುವಾಗಲೆಲ್ಲ ಈ ಮನುಷ್ಯ ಎಷ್ಟು ನಿರಾಳವಾಗಿ ಆ ವೇಷದ ಹಿಂದೆ ಅವಿತು ನಗುತ್ತಿದ್ದಿರಬೇಕು ಎನ್ನಿಸಿತು.

"ನೀನೂ ತಗೋ ಅಂತ ನಾನು ಹೇಳಲ್ಲ. ಅದು ನಿಂಗೂ ನಿನ್ನ ಡಾಕ್ಟ್ರಿಗೂ ಬಿಟ್ಟಿದ್ದು. ನಂದು ಹೇಳ್ದೆ ಅಷ್ಟೇ."

"ದನಿ ಹೋಗ್ಬಿಟ್ರೆ ಅಂಕಲ್?"

"ಹೋಗಿ ಡಾಕ್ಟ್ರಿಗೆ ಹೇಳು, ಬೇರೇದು ಕೊಡ್ತಾರೆ. ಅದೇನ್ ತಾಳೀನೇನೋ, ಕಟ್ಟಿದ ಮೇಲೆ ಬಿಚ್ಚಬಾರ್ದು ಅನ್ನೋಕೆ? ಮಾತ್ರೆ!"

ಆ ರಾತ್ರಿ ಊಟವಾದ ಮೇಲೆ ಅಮ್ಮನ ಎದುರಿಗೇ ನುಂಗಿದೆ. ಅವಳೇ ನೀರಿನ ಲೋಟ ತುಂಬಿಸಿ ಮುಂದಿಟ್ಟಳು. ಮೊದಲ ದಿನಗಳು ಚೆನ್ನಾಗಿರಲಿಲ್ಲ. ಬಾಯಿ ಒಣಗುತ್ತಿತ್ತು, ಆಫೀಸಿನಲ್ಲಿ ತೂಕಡಿಕೆ. ಯಾರ ದನಿಯೂ ನಾಲಗೆಗೆ ಬರುತ್ತಿರಲಿಲ್ಲ. ಹೋಯಿತು, ಕಥೆ ಮುಗಿಯಿತು ಎಂದುಕೊಂಡೆ. ಡಾಕ್ಟರಿಗೆ ಫೋನು ಮಾಡಿದರೆ, ಇದು ಹೊಂದಿಕೊಳ್ಳಲು ಕೆಲವು ವಾರ ಬೇಕು, ಆಗದಿದ್ದರೆ ಬದಲಾಯಿಸೋಣ ಎಂದರು. ಅಂಕಲ್ ಮಾತ್ರ ಪ್ರತಿ ಭಾನುವಾರ ನನ್ನನ್ನು ಸೋಫಾದ ಮುಂದೆ ನಿಲ್ಲಿಸಿಕೊಂಡು, "ಎಲ್ಲಿ, ನನ್ನ ಮಾಡು" ಎನ್ನುತ್ತಿದ್ದರು. ಕಣ್ಣು ಮುಚ್ಚಿ ಕೇಳುವರು. "ಉಹೂಂ, ಇವತ್ತು ನಾನಲ್ಲ ಇದು, ಯಾರೋ ನೆಂಟ್ರು." ಇನ್ನೊಂದು ವಾರ, "ಹ್ಞಾಂ, ನನ್ನ ತಮ್ಮನ ತನಕ ಬಂದೆ." ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಒಂದು ಬೆಳಿಗ್ಗೆ ನಾನು ಬಾಯಿ ಬಿಟ್ಟೊಡನೆ ಅವರು ಕಣ್ಣು ತೆರೆದು ನನ್ನನ್ನೇ ನೋಡಿದರು.

"ದನಿ ಪೂರ್ತಿ ವಾಪಸ್ ಬಂತು ಕಣೋ" ಎಂದರು. "ಮರ್ಯಾದೆ ಇನ್ನೂ ಬಂದಿಲ್ಲ, ಅದಕ್ಕೆ ಮಾತ್ರೆ ಇಲ್ಲ ಅನ್ಸುತ್ತೆ."

ಗಾಬರಿ ಪೂರ್ತಿ ಹೋಗಲಿಲ್ಲ, ಈಗಲೂ ಆಗೀಗ ಬಂದು ಇಣುಕುತ್ತದೆ. ಆದರೆ ಮೆಟ್ರೊದ ಬಾಗಿಲು ಮುಚ್ಚಿಕೊಂಡರೆ ಮೊದಲಿನ ಹಾಗೆ ದಿಗಿಲಾಗುವುದಿಲ್ಲ, ನಾನು ಈಗ ಹೊರಗಿನ ಮರಗಳನ್ನು ನೋಡಬಲ್ಲೆ.

ಹೋದ ಬೇಸಿಗೆಯಲ್ಲಿ ಅಂಕಲ್ ಹೋದರು. ಹೃದಯಾಘಾತ. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಕೊಡಲಿಲ್ಲ. ಜೀವನವಿಡೀ ನಿಧಾನಾ ನಿಧಾನಾ ಎಂದವರು... ಮೈಸೂರಿನಲ್ಲಿರುವ ಮಗಳು ಮನೆಯನ್ನು ಬಾಡಿಗೆಗೆ ಕೊಟ್ಟರು.

ಹೋದ ವಾರ ಮೆಟ್ರೊದಲ್ಲಿ ನಾನು ಹೊರಟಿದ್ದು ಡಾಕ್ಟರ ಹತ್ತಿರಕ್ಕೇ. "ಚೆನ್ನಾಗಿದ್ದೀರಿ. ಮಾತ್ರೆ ನಿಧಾನವಾಗಿ ಕಡಿಮೆ ಮಾಡ್ತಾ ನೋಡೋಣವಾ, ಅಥವಾ ಇನ್ನಷ್ಟು ದಿನ ಹೀಗೇ ಇರ್ಲಾ? ಯೋಚನೆ ಮಾಡಿ ಹೇಳಿ" ಎಂದರು. ಯೋಚಿಸುತ್ತಲೇ ಕಾಲೊನಿಗೆ ಬಂದೆ. ಯೋಚಿಸುತ್ತಲೇ ಮೆಟ್ಟಿಲು ಹತ್ತಿದೆ. ನಮ್ಮ ಮನೆಯ ಕಡೆ ತಿರುಗುವ ಬದಲು ಎದುರುಮನೆಯ ಬೆಲ್ ಒತ್ತಿದ್ದು ಬಾಗಿಲು ತೆರೆದ ಮೇಲೆಯೇ ಗೊತ್ತಾದದ್ದು.

ಬಾಡಿಗೆಗೆ ಬಂದಿರುವ ಹೆಂಗಸು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದರು. "ಯಾರು ಬೇಕಿತ್ತು?"

ನನ್ನಲ್ಲಿ ಅಷ್ಟೊಂದು ದನಿಗಳಿವೆ. ಯಾವುದರಲ್ಲಾದರೂ ಏನಾದರೂ ಹೇಳಿ ನಗಿಸಿ ಬರಬಹುದಿತ್ತು.

"ಅಂಕಲ್ ಹತ್ರ ಒಂದು ಮಾತು ಕೇಳಬೇಕಿತ್ತು" ಎಂದೆ.

"ಅಯ್ಯೋ, ಮನೆ ಓನರ್ ಅವರ ತಂದೆನಾ? ಅವರು ಹೋಗ್ಬಿಟ್ರಲ್ಲ..."

"ಗೊತ್ತು ರೀ" ಎಂದೆ. ನನ್ನದೇ ದನಿಯಲ್ಲಿ.