ತಮ್ಮ ಕುವೈತಿನಲ್ಲಿದ್ದಾನೆ

ದೇಶದ ರಾಜಧಾನಿಯ ಓಲ್ಡ್ ರಾಜಿಂದರ್ ನಗರದಲ್ಲಿದ್ದ ನಮ್ಮ ಹೋಟೆಲಿಗೆ ತಿಂಡಿಗೆ ಬರುತ್ತಿದ್ದವರೆಲ್ಲ ಐಎಎಸ್ ಪರೀಕ್ಷೆಗೆ ಓದುವ ಹುಡುಗರು. ಇಂಟರ್‌ವ್ಯೂ ಹತ್ತಿರ ಬಂದಾಗ ಅಲ್ಲೇ ಕುಳಿತು ವಾದ ಮಾಡಿ ಅಭ್ಯಾಸ ಮಾಡುತ್ತಿದ್ದರು. ಆ ವರ್ಷ ಅವರು ಹಿಡಿದದ್ದು ಇರಾಕ್ ವಿಷಯ. ಅಮೆರಿಕ ತನ್ನ ಸೈನ್ಯವನ್ನು ವಾಪಸ್ ಕರೆಸಬೇಕೇ, ಬೇಡವೇ? ಇಂದು ಬೇಕು ಎಂದವರು ನಾಳೆ ಬೇಡ ಎನ್ನುವ ಪಕ್ಷಕ್ಕೆ ಹೋಗುತ್ತಿದ್ದರು. ಅದೇ ಅವರ ಪದ್ಧತಿ.

ನನ್ನ ತಮ್ಮ ಇರಾಕಿನಲ್ಲಿಯೇ, ಒಂದು ಅಮೆರಿಕನ್ ಕ್ಯಾಂಪಿನ ಅಡುಗೆಮನೆಯಲ್ಲಿದ್ದ. ಕುವೈತಿನಲ್ಲಿ ಕೆಲಸವೆಂದು ಕರೆದೊಯ್ದ ಏಜೆಂಟ್ ಅವನನ್ನು ಗಡಿ ದಾಟಿಸಿದ್ದ. ಇರಾಕಿಗೆ ಕೆಲಸಕ್ಕೆ ಹೋಗಬಾರದೆಂದು ನಮ್ಮ ಸರ್ಕಾರದ ನಿಷೇಧವಿತ್ತು. ಗೊತ್ತಾದರೆ ತೊಂದರೆ, ಯಾರಿಗೂ ಹೇಳಬೇಡ ಎಂದು ತಮ್ಮ ಫೋನಿನಲ್ಲಿ ಹೇಳಿದ್ದ. ಕೇಳಿದವರಿಗೆಲ್ಲ ನಾನು ಕುವೈತ್ ಅನ್ನುತ್ತಿದ್ದೆ.

ಸೈನ್ಯ ಹೊರಟರೆ ಗೇಟಿನಲ್ಲಿ ಕಾವಲಿರುವುದಿಲ್ಲ. ಉಳಿದರೆ ಕ್ಯಾಂಪಿನ ಮೇಲೆ ಬಾಂಬ್ ಬೀಳುವುದು ನಿಲ್ಲುವುದಿಲ್ಲ. ಹುಡುಗರಲ್ಲಿ ಯಾರು ಗೆದ್ದರೂ ಸೋಲುವವನು ನನ್ನ ತಮ್ಮನೇ.

ಒಂದು ಬೆಳಿಗ್ಗೆ ಸಾಂಬಾರ್ ಬಡಿಸುತ್ತ ಕೇಳಿಯೇಬಿಟ್ಟೆ. "ಸೈನಿಕರು ಹೊರಟ್ರೆ ಅಡುಗೆಯವರನ್ನೂ ಕರ್ಕೊಂಡು ಹೋಗ್ತಾರಾ?"

ಎಲ್ಲರೂ ನಕ್ಕರು. "ಅಕ್ಕಾ, ನೀವು ಇಂಟರ್‌ವ್ಯೂ ಬೋರ್ಡಲ್ಲಿ ಇರ್ಬೇಕಿತ್ತು," ಎಂದ ದಾವಣಗೆರೆಯ ಹುಡುಗ. ಆಮೇಲೆ ಪತ್ರಿಕೆ ತಿರುವಿ, ನಗು ನಿಲ್ಲಿಸಿದ. "ಬರೀ ಸೈನಿಕರ ಮಾತೇ ಇದೆ. ಬೇರೆಯವರ ಬಗ್ಗೆ ಏನೂ ಬರೆದಿಲ್ಲ. ಯಾಕಕ್ಕಾ, ನಿಮ್ಮವರು ಯಾರಾದ್ರೂ ಅಲ್ಲಿದಾರಾ?"

"ಇಲ್ಲಪ್ಪ. ನನ್ನ ತಮ್ಮ ಇರೋದು ಕುವೈತಲ್ಲಿ."

ಆ ಹುಡುಗನಿಗೆ ಕಚೇರಿಗಳು ಗೊತ್ತಿದ್ದವು, ಅರ್ಜಿ ಬರೆಯುವುದು ಗೊತ್ತಿತ್ತು. ಹೇಳಬಹುದಿತ್ತು. ಹೆದರಿದೆ.

ತಮ್ಮ ಪ್ರತಿ ಶುಕ್ರವಾರ ಫೋನ್ ಮಾಡುತ್ತಿದ್ದ. ಮುಂದೆ ಎರಡು ಶುಕ್ರವಾರ ಫೋನ್ ಬರಲಿಲ್ಲ. ಮೂರನೆಯ ವಾರ ಏಜೆಂಟ್ ಮಾಡಿದ. ಅಡುಗೆಮನೆಯ ಮೇಲೆಯೇ ಬಾಂಬ್ ಬಿದ್ದಿತ್ತು. ತಮ್ಮನ ಶವ ತಂದ ವಿಮಾನ ಕುವೈತಿನಿಂದಲೇ ಬಂತು.

ಹದಿನಾಲ್ಕು ದಿನದ ನಂತರ ಹೋಟೆಲ್ ತೆರೆದೆವು. ಸಾವಿನ ಸುದ್ದಿ ಕೇಳಿ ಹುಡುಗರು ನನ್ನ ಮುಂದೆ ವಾದ ಮಾಡುವುದನ್ನು ಬಿಟ್ಟಿದ್ದರು. ದಾವಣಗೆರೆಯವನು ಮಾತ್ರ ಕೈತೊಳೆಯುವ ನೆಪದಲ್ಲಿ ಒಳಗೆ ಬಂದ. ಕೋಚಿಂಗಿನ ಅಣಕು ಇಂಟರ್‌ವ್ಯೂನಲ್ಲಿ ನನ್ನ ಪ್ರಶ್ನೆಯನ್ನೇ ಎತ್ತಿದನಂತೆ. "ಅಡುಗೆಯವರ ಬಗ್ಗೆ ಯಾರ ಹತ್ರಾನೂ ಉತ್ತರ ಇರ್ಲಿಲ್ಲ ಅಕ್ಕಾ," ಎಂದ. ಆಮೇಲೆ ಕುವೈತಿನಲ್ಲಿ ಏನಾಯಿತೆಂದು ಮೆಲ್ಲಗೆ ಕೇಳಿದ.

ಆ ಕ್ಯಾಂಪಿನಲ್ಲಿ ನಮ್ಮೂರಿನ ಮತ್ತಿಬ್ಬರು ಇನ್ನೂ ಇದ್ದರು. ಅವರ ಅಕ್ಕತಂಗಿಯರೂ ಕುವೈತ್ ಎಂದೇ ಹೇಳಿಕೊಂಡಿದ್ದರು.

ರಸ್ತೆ ಅಪಘಾತ ಎಂದೆ.